ಸುಖಾಸನವೇ ರೋಗಕ್ಕೆ ಕಾರಣವಾದಾಗ

2020ರ ಕೊರೊನಾ ಕಾಲದಲ್ಲಿ ಕಚೇರಿಯು ಮನೆಯೊಳಕ್ಕೆ ಬಂದಿತು. ಊಟದ ಮೇಜು, ಮಂಚ, ದಿವಾನಗಳೇ ಕೆಲಸದ ಸ್ಥಳಗಳಾದವು. ಅಂದಿನಿಂದ ಕತ್ತುನೋವು, ಸೊಂಟನೋವು ಎಂದು ನಮ್ಮಲ್ಲಿಗೆ ಬರುವವರಲ್ಲಿ ಮೂವತ್ತು ದಾಟದ ತರುಣರೂ ಇದ್ದಾರೆ. ಅವರಲ್ಲೊಬ್ಬರು ದುಬಾರಿ ಕುರ್ಚಿಯನ್ನೇ ಕೊಂಡಿದ್ದರು. ನೋವು ಮಾತ್ರ ಹೋಗಿರಲಿಲ್ಲ. “ಕೆಲಸದ ನಡುವೆ ಎಷ್ಟು ಸಲ ಏಳುತ್ತೀರಿ?” ಎಂದು ಕೇಳಿದೆವು. “ಊಟಕ್ಕೆ ಮಾತ್ರ, ಡಾಕ್ಟರೇ” ಎಂದರು.

ಪೀಠೋಪಕರಣಗಳ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಅವರು ಹರ್ಮನ್ ಮಿಲ್ಲರ್ ಸಂಸ್ಥೆಗಾಗಿ 1960ರ ದಶಕದಲ್ಲಿ ‘ಆಕ್ಷನ್ ಆಫೀಸ್’ ಎಂಬ ಕಚೇರಿ ವಿನ್ಯಾಸವನ್ನು ರೂಪಿಸಿದರು. ನೌಕರನು ಕುಳಿತೂ ನಿಂತೂ ದುಡಿಯಲಿ, ಅತ್ತಿತ್ತ ಚಲಿಸುತ್ತಿರಲಿ ಎಂಬುದು ಅವರ ಆಶಯ. ಆದರೆ 1968ರಲ್ಲಿ ಬಂದ ಅದರ ಎರಡನೆಯ ರೂಪದ ಅಡ್ಡಗೋಡೆಗಳನ್ನು ಸಂಸ್ಥೆಗಳು ಜಾಗ ಉಳಿಸಲು ಬಳಸಿಕೊಂಡವು. ಚಲನೆಗೆಂದು ಹುಟ್ಟಿದ ವಿನ್ಯಾಸವು ಇಕ್ಕಟ್ಟಾದ ಗೂಡುಗಳಾಗಿ ಮುಗಿಯಿತು. ಅದೇ ಸಂಸ್ಥೆಯು 1994ರಲ್ಲಿ ಜಾಲರಿಯ ಏರಾನ್ ಕುರ್ಚಿಯನ್ನು ತಂದಿತು. ಕುಳಿತವನ ಮೈಗೆ ಹೊಂದುವ ಕುರ್ಚಿ ಅದು. ಆದರೂ ಕುಳಿತವನನ್ನು ಎಬ್ಬಿಸುವ ಕುರ್ಚಿಯಲ್ಲ.

ಪ್ರಮೇಹದ ಕಾರಣಗಳನ್ನು ಎಣಿಸುವಾಗ ಚರಕಸಂಹಿತೆಯು ಸುಖವಾಗಿ ಕುಳಿತೇ ಇರುವುದನ್ನು ಮೊದಲಿಗೆ ಹೆಸರಿಸುತ್ತದೆ. ಕುರ್ಚಿಯ ಸುಖ ಹೆಚ್ಚಿದಂತೆ ಏಳುವ ಮನಸ್ಸು ಕಡಿಮೆಯಾಗುತ್ತದೆ. ನಾವು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

ಹಣ ಸುರಿಯದೆಯೂ ಸರಿಯಾಗಿ ಕುಳಿತುಕೊಳ್ಳಬಹುದು. ಪಾದಗಳು ನೆಲಕ್ಕೆ ಪೂರ್ಣವಾಗಿ ತಾಗಲಿ. ತಾಗದಿದ್ದರೆ ಒಂದು ಮಣೆಯನ್ನಿಡಿ. ಮೊಣಕೈ ಮೇಜಿನ ಎತ್ತರಕ್ಕೆ ಸಮವಾಗಿರಲಿ. ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಸಾಕು. ಲ್ಯಾಪ್‌ಟಾಪ್‌ನ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಬಳಸಿರಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಫೋನಿನಲ್ಲಿ ಮಾತನಾಡುವಾಗ ನಿಂತುಕೊಳ್ಳಿ. ನಿಂತು ಕೆಲಸ ಮಾಡುವ ಮೇಜು ಒಳ್ಳೆಯದೇ. ಆದರೆ ದಿನವಿಡೀ ನಿಂತರೆ ಕಾಲಿನ ಸಿರೆಗಳಿಗೆ ಶ್ರಮ. ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ಮೂರೂ ಬೆರೆತಿರಲಿ.

ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ವೈದ್ಯರನ್ನು ಕಾಣಿರಿ. ಕಾಲು ಬಲಗುಂದಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಎಣ್ಣೆ ಹಚ್ಚುತ್ತ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಆ ತರುಣರು ಕುರ್ಚಿಯನ್ನು ಬದಲಿಸಲಿಲ್ಲ. ನೀರಿನ ತಂಬಿಗೆಯನ್ನು ಮೇಜಿನಿಂದ ತೆಗೆದು ಅಡುಗೆಮನೆಯಲ್ಲಿಟ್ಟರು. ಈಗ ಬಾಯಾರಿದಾಗಲೆಲ್ಲ ಏಳುತ್ತಾರೆ. ನೋವು ಬಹುಮಟ್ಟಿಗೆ ತಗ್ಗಿದೆ. ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಕುರ್ಚಿಗೆ ಒಪ್ಪಿಸಿ ಮರೆಯದಿರೋಣ.