ನಿಮಗಿದು ಗೊತ್ತೆ? ಪೆಟ್ಟಿಗೆ ಕೆಟ್ಟರೂ ಡಿಸ್ಕ್ ಬದುಕಿರಬಹುದು

ವೈಫೈ ರೂಟರ್‌ಗೆ ಜೋಡಿಸಿ ಮನೆಮಂದಿಯ ಫೋಟೊಗಳನ್ನೆಲ್ಲ ತುಂಬಿಡುವ ನೆಟ್‌ವರ್ಕ್ ಹಾರ್ಡ್ ಡ್ರೈವ್ ಕೈಕೊಟ್ಟಾಗ, ಕೆಟ್ಟಿರುವುದು ಎಷ್ಟೋ ಸಲ ಅಡಾಪ್ಟರ್ ಇಲ್ಲವೇ ಒಳಗಿನ ಸರ್ಕ್ಯೂಟ್ ಬೋರ್ಡ್ ಮಾತ್ರ. ಡಿಸ್ಕ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಅಪ್ಪಿತಪ್ಪಿಯೂ ಹೂಂ ಅನ್ನಬೇಡಿ! ಇಂಥ ಪೆಟ್ಟಿಗೆಗಳು ಬಹುತೇಕ ಲಿನಕ್ಸ್‌ನಲ್ಲಿ ನಡೆಯುತ್ತವೆ. ಅದರ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯನ್ನು ಓದಲು ವಿಂಡೋಸ್‌ಗೆ ಬರುವುದಿಲ್ಲ, ಅಷ್ಟೆ. ಪೆನ್‌ಡ್ರೈವ್‌ನಿಂದ ಉಬುಂಟು ಲಿನಕ್ಸ್ ಚಾಲೂ ಮಾಡಿದರೆ ಫೋಲ್ಡರ್‌ಗಳು ಕಾಣಿಸಿಕೊಳ್ಳುವುದುಂಟು.

ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಮಾತ್ರ ಇದಕ್ಕೂ ಜಗ್ಗದ ಹಟಮಾರಿ. ಅದು 64 ಕಿಲೋಬೈಟ್‌ನ ಬ್ಲಾಕ್‌ಗಳಲ್ಲಿ ಬರೆದಿಡುತ್ತಿತ್ತು; ಆಗಿನ ಸಾಮಾನ್ಯ ಪಿಸಿಯ ಲಿನಕ್ಸ್‌ಗೆ 4 ಕಿಲೋಬೈಟ್ ದಾಟಿದರೆ ಅರಗುತ್ತಿರಲಿಲ್ಲ. ಫ್ಯೂಸ್-ಇಎಕ್ಸ್‌ಟಿ2 ಎಂಬ ಉಚಿತ ತಂತ್ರಾಂಶದ ಮೊರೆಹೋಗಬೇಕಿತ್ತು. 2021ರ ಜೂನ್‌ನಲ್ಲಿ ಇದೇ ಪೆಟ್ಟಿಗೆಗಳಿಗೆ ಇಂಟರ್‌ನೆಟ್ ಮೂಲಕ ದಾಳಿಕೋರರು ನುಗ್ಗಿ, ಫ್ಯಾಕ್ಟರಿ ರೀಸೆಟ್ ಆಗಿ, ಹಲವರ ಫೈಲ್‌ಗಳು ಅಳಿಸಿಹೋದದ್ದು ಬೇರೆಯೇ ಕತೆ.

ಡಿಸ್ಕ್‌ನೊಳಗಿಂದಲೇ ಟಕ್‌ಟಕ್ ಸದ್ದು ಬರುತ್ತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಕರೆಂಟ್ ತೆಗೆಯಿರಿ. ಓದುವ ಹೆಡ್ ಕೆಟ್ಟಿರಬಹುದು. ಓಡಿಸಿದಷ್ಟೂ ತಟ್ಟೆಯ ಮೇಲ್ಮೈ ಗೀಚಿಹೋಗುವ ಅಪಾಯ ಹೆಚ್ಚು.