ದಾಸ್ತಾನಿನಲ್ಲಿ ಉಳಿಯುವ ಕ್ಲೋರಿನ್

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಿಂದ ಹುಣಸೂರು, ಪಿರಿಯಾಪಟ್ಟಣಗಳವರೆಗಿನ ಸೀಮೆಯಲ್ಲಿ ಹತ್ತಿ ಮತ್ತು ಹೊಗೆಸೊಪ್ಪಿನ ಜೊತೆಜೊತೆಗೆ ಕೀಟನಾಶಕಗಳ ವ್ಯಾಪಾರವೂ ಬೆಳೆದಿದೆ. ಈ ವ್ಯಾಪಾರದಲ್ಲಿರುವ ಸದಸ್ಯರು ಹ್ಯಾಲೊಜನ್‌ಯುಕ್ತ ಸಾವಯವ ಸಂಯುಕ್ತಗಳ ಗುಣವನ್ನು ಅರಿತಿರುವುದು ಅವಶ್ಯ. ಇಲ್ಲಿ ‘ಸಾವಯವ’ ಎಂದರೆ ಇಂಗಾಲಮೂಲದ್ದು ಎಂದಷ್ಟೇ ಅರ್ಥ. ಸಾವಯವ ಕೃಷಿಗೂ ಇದಕ್ಕೂ ಸಂಬಂಧವಿಲ್ಲ.

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದವು ಹ್ಯಾಲೊಜನ್‌ಗಳು. ಇವು ಇಂಗಾಲದ ಪರಮಾಣುವಿಗೆ ನೇರವಾಗಿ ಬೆಸೆದುಕೊಂಡಾಗ ಇಂತಹ ಸಂಯುಕ್ತಗಳು ಉಂಟಾಗುತ್ತವೆ. ಡಿ.ಡಿ.ಟಿ. ಅಣುವಿನಲ್ಲಿ 5, ಬಿ.ಎಚ್.ಸಿ. ಮತ್ತು ಎಂಡೋಸಲ್ಫಾನ್ ಅಣುಗಳಲ್ಲಿ ತಲಾ 6 ಕ್ಲೋರಿನ್ ಪರಮಾಣುಗಳಿವೆ. ಅಡುಗೆ ಉಪ್ಪಿನ ಕ್ಲೋರಿನ್ ನೀರಿನಲ್ಲಿ ಸುಲಭವಾಗಿ ಬೇರ್ಪಡುತ್ತದೆ, ಇವುಗಳದು ಬೇರ್ಪಡದು. ಇವು ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುವುದರಿಂದ ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ ಸಾಗುತ್ತವೆ. ಕ್ಲೋರಿನ್ ಇರುವುದೆಲ್ಲವೂ ಹೀಗೆ ದೀರ್ಘಕಾಲ ಉಳಿಯುವುದೆಂದಲ್ಲ. ಅಣುವಿನ ರಚನೆಯೂ ಮುಖ್ಯ.

ಇದರ ಬೆಲೆಯೇನೆಂಬುದನ್ನು ಕಾಸರಗೋಡು ತೋರಿಸಿದೆ. ಅಲ್ಲಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ, ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಔಷಧಿ ಖರೀದಿಸಿದ ದಿನ ಈ ವೆಚ್ಚ ಯಾವ ಲೆಕ್ಕಪುಸ್ತಕದಲ್ಲಿಯೂ ಇರಲಿಲ್ಲ.

ಕೃಷಿಯಲ್ಲಿ ಡಿ.ಡಿ.ಟಿ. ಬಳಕೆ 1989ರಲ್ಲಿ, ಬಿ.ಎಚ್.ಸಿ. 1997ರಲ್ಲಿ, ಲಿಂಡೇನ್ ಬಳಕೆ 2013ರಲ್ಲಿ ನಿಷೇಧಗೊಂಡವು. ಆದರೂ ಹಳೆಯ ಡಬ್ಬಿಗಳು ಗೋದಾಮಿನ ಮೂಲೆಯಲ್ಲಿ ಉಳಿದಿರುವ ಸಾಧ್ಯತೆಯುಂಟು. ಅಂತಹ ಸಂದರ್ಭದಲ್ಲಿ ಸದಸ್ಯರು ಗಮನಿಸಬೇಕಾದ ಅಂಶಗಳಿವು:

1. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿ ಬರಬಹುದಾದ ಮೊತ್ತ, ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸಬೇಕೆಂಬುದು ನಿಯಮ. ನಿಷೇಧಿತ ಸರಕಿನ ಮೌಲ್ಯ ಸೊನ್ನೆ.

2. ಹೀಗೆ ವಜಾ ಮಾಡಿದ ಅಥವಾ ನಾಶಪಡಿಸಿದ ಸರಕಿನ ಮೇಲೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ಪಡೆದಿದ್ದರೆ, 2017ರ ಕಾಯಿದೆಯ 17(5)(ಎಚ್) ಕಲಮಿನಂತೆ ಅದನ್ನು ಹಿಂದಿರುಗಿಸಬೇಕು.

3. ಅದನ್ನು ಬ್ಯಾರನ್ ಒಲೆಯಲ್ಲಿಯಾಗಲಿ ಬಯಲಿನಲ್ಲಿಯಾಗಲಿ ಸುಡಬಾರದು. ಕಡಿಮೆ ಶಾಖದಲ್ಲಿ ಅರೆಬೆಂದ ಕ್ಲೋರಿನ್ ಸಂಯುಕ್ತಗಳಿಂದ ಡಯಾಕ್ಸಿನ್ ಎಂಬ ಇನ್ನಷ್ಟು ಘೋರ ವಿಷಗಳು ಹುಟ್ಟಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೇ ಒಪ್ಪಿಸಿ, ರಸೀದಿ ಪಡೆಯತಕ್ಕದ್ದು.

ಲೆಕ್ಕದಿಂದ ಸರಕನ್ನು ತೆಗೆದುಹಾಕಲು ಒಂದು ನಮೂದು ಸಾಕು. ಮಣ್ಣಿನಿಂದ ತೆಗೆದುಹಾಕಲು ಒಂದು ತಲೆಮಾರೂ ಸಾಲದಿರಬಹುದು.