ಕಂಪ್ಯೂಟರಿಗೆ ತಂಪು: ಎಣ್ಣೆ, ಐಸು, ಫ್ರಿಜ್ಜು ಮತ್ತು ದಾವಣಗೆರೆಯ ಬಿಸಿಲು

ಶಿವರಾತ್ರಿ ಕಳೆಯಿತೆಂದರೆ ದಾವಣಗೆರೆ, ಹರಿಹರದಲ್ಲಿ ಬಿಸಿಲು ಬಲಿಯುತ್ತದೆ. ಏಪ್ರಿಲ್ ಹೊತ್ತಿಗೆ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ರಾತ್ರಿ ಹತ್ತಾದರೂ ಕೋಣೆಯೊಳಗೆ ಬಿಸಿ ಕಾರುತ್ತಿರುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಫ್ಲೆಕ್ಸ್ ವಿನ್ಯಾಸ ಮಾಡುವವರು, ಬಿಐಇಟಿ, ಯುಬಿಡಿಟಿ ಕಾಲೇಜುಗಳ ವಿದ್ಯಾರ್ಥಿಗಳು, ಗೇಮ್ ಆಡುವ ಹುಡುಗರು, ಎಲ್ಲರ ಕಂಪ್ಯೂಟರೂ ಆಗ ಬುಸುಗುಡತೊಡಗುತ್ತದೆ. ಯೂಟ್ಯೂಬ್ ತೆರೆದರೆ ಎಣ್ಣೆಯಲ್ಲಿ ಮುಳುಗಿಸಿದ, ಫ್ರಿಜ್ಜಿನಲ್ಲಿಟ್ಟ, ಹೊಗೆಯಾಡುವ ದ್ರವ ಸುರಿದ ಕಂಪ್ಯೂಟರ್‌ಗಳು ಕಾಣುತ್ತವೆ. ಕೈಯಾರೆ ಮಾಡಿ ನೋಡುವ ಹುಮ್ಮಸ್ಸು ದೊಡ್ಡದು, ಅದು ಬೆಳೆಯಬೇಕು. ಆದರೆ ಮನೆಯವರು ಕಂತು ಕಟ್ಟಿ ಕೊಡಿಸಿದ ಯಂತ್ರವನ್ನು ತಪ್ಪು ತಿಳಿವಳಿಕೆಗೆ ಬಲಿ ಕೊಡಬಾರದು.

ಮೊದಲು ಒಂದು ನಿಯಮ ಮನಸ್ಸಿನಲ್ಲಿರಲಿ. ಕಂಪ್ಯೂಟರ್ 300 ವ್ಯಾಟ್ ವಿದ್ಯುತ್ ಎಳೆದರೆ ಅದಷ್ಟೂ ಶಾಖವಾಗಿ ಹೊರಬರುತ್ತದೆ. ಶಾಖ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಯಾವ ಉಪಾಯವನ್ನೇ ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಶಾಖ ಕೊನೆಗೆ ಎಲ್ಲಿಗೆ ಹೋಗುತ್ತದೆ?

1. ತಪ್ಪು ಕಲ್ಪನೆ: ಎಣ್ಣೆಯಲ್ಲಿ ಮುಳುಗಿಸಿದರೆ ಕಂಪ್ಯೂಟರ್ ಬಿಸಿಯೇ ಆಗುವುದಿಲ್ಲ.

ವಾಸ್ತವ: ಎಣ್ಣೆ ವಿದ್ಯುತ್ ಹರಿಸುವುದಿಲ್ಲ, ಗಾಳಿಗಿಂತ ಚೆನ್ನಾಗಿ ಶಾಖ ಹೀರುತ್ತದೆ. ಅಲ್ಲಿಯವರೆಗೆ ಮಾತು ನಿಜ. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಒಳಗೆ ಫ್ಲೋರಿನರ್ಟ್ ಎಂಬ ದ್ರವವೇ ತುಂಬಿತ್ತು. 2006ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣದ ತಂಡ ಸುಮಾರು 30 ಲೀಟರ್ ಅಡುಗೆ ಎಣ್ಣೆಯಲ್ಲಿ ಕಂಪ್ಯೂಟರ್ ಮುಳುಗಿಸಿ ಓಡಿಸಿ ತೋರಿಸಿತು. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. 20 ಲೀಟರ್ ಖನಿಜ ತೈಲಕ್ಕೆ 300 ವ್ಯಾಟ್ ಶಾಖ ಸೇರುತ್ತಿದ್ದರೆ ಎರಡು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. 35 ಡಿಗ್ರಿಯ ಎಣ್ಣೆ ಒಂದು ಗಂಟೆಯಲ್ಲಿ 65ರ ಸಮೀಪ ಬರುತ್ತದೆ. ತೊಟ್ಟಿಯ ಗೋಡೆಯಿಂದ ಸ್ವಲ್ಪ ಶಾಖ ಹೊರಹೋಗುವುದರಿಂದ ಇನ್ನಷ್ಟು ಹೊತ್ತು ಹಿಡಿಯಬಹುದು, ಆದರೆ ಏರುವುದಂತೂ ಖಚಿತ.

ಹರಿಹರದವರಿಗೆ ಇದು ಹೊಸ ಪಾಠವಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಮೇಲೆ ಕೆಲಸ ಮಾಡಿದವರನ್ನು ಕೇಳಿ: ಕಡಿಯುವ ಉಳಿಯ ಮೇಲೆ ಹಾಲಿನ ಬಣ್ಣದ ಕೂಲಂಟ್ ಸುರಿಯುತ್ತಲೇ ಇರಬೇಕು, ತೊಟ್ಟಿಗೆ ಇಳಿದು ಆರಬೇಕು, ಪಂಪಿನಿಂದ ಮತ್ತೆ ಮೇಲೇರಬೇಕು. ದ್ರವ ಶಾಖವನ್ನು ಹೊತ್ತೊಯ್ಯುವ ಕೂಲಿ ಮಾತ್ರ. ಇಳಿಸುವ ಜಾಗವಿಲ್ಲದಿದ್ದರೆ ಹೊತ್ತು ಪ್ರಯೋಜನವಿಲ್ಲ. ಎಣ್ಣೆ ತೊಟ್ಟಿಗೂ ಪಂಪು, ರೇಡಿಯೇಟರ್, ಫ್ಯಾನು ಬೇಕೇ ಬೇಕು. ಅಡುಗೆ ಎಣ್ಣೆಯಾದರೆ ದಿನ ಕಳೆದಂತೆ ಕಮಟು ಹಿಡಿಯುತ್ತದೆ. ಖನಿಜ ತೈಲವೂ ಕೇಬಲ್ ಹಿಡಿದು ಮೇಲೇರಿ ಹೊರಗೆ ಜಿನುಗುತ್ತದೆ, ವೈರಿನ ಪ್ಲಾಸ್ಟಿಕ್ಕನ್ನು ಬಿರುಸಾಗಿಸುತ್ತದೆ. ಉಸಿರಾಟದ ರಂಧ್ರವಿರುವ ಮಾಮೂಲಿ ಹಾರ್ಡ್ ಡಿಸ್ಕ್ ಮುಳುಗಿಸಿದರೆ ಹಾಳೇ. ಎಣ್ಣೆ ಸೋಕಿದ ಯಂತ್ರಕ್ಕೆ ವಾರಂಟಿಯ ಆಸೆಯನ್ನೂ ಬಿಡಬೇಕು.

2. ತಪ್ಪು ಕಲ್ಪನೆ: ಹಳೆಯ ಫ್ರಿಜ್ಜಿನೊಳಗೆ ಕಂಪ್ಯೂಟರ್ ಇಟ್ಟರೆ ಸಾಕು.

ವಾಸ್ತವ: ಫ್ರಿಜ್ ಇರುವುದು ಒಮ್ಮೆ ಒಳಗಿಟ್ಟ ಹಾಲು, ತರಕಾರಿಯ ಶಾಖವನ್ನು ನಿಧಾನವಾಗಿ ತೆಗೆಯಲು. ಮನೆಯ ಸಾಮಾನ್ಯ ಫ್ರಿಜ್ ಹೊರಹಾಕಬಲ್ಲ ಶಾಖ ಸುಮಾರು ನೂರು, ನೂರೈವತ್ತು ವ್ಯಾಟ್. ಒಳಗೆ ಬಿಡುವಿಲ್ಲದೆ 300 ವ್ಯಾಟ್ ಉರಿಯುತ್ತಿದ್ದರೆ ಕಂಪ್ರೆಸರ್ ಎಡೆಬಿಡದೆ ಓಡಿ ಸೋಲುತ್ತದೆ, ಹೊರಗಿನ ಶಾಖ ಒಳನುಗ್ಗದಂತೆ ಕಟ್ಟಿದ ಪೆಟ್ಟಿಗೆಯೇ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಅಂದರೆ ಫ್ರಿಜ್ಜಿನ ಒಳಗೆ ಕಂಪ್ಯೂಟರ್ ಹೊರಗಿರುವುದಕ್ಕಿಂತ ಹೆಚ್ಚು ಕಾಯುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.

3. ತಪ್ಪು ಕಲ್ಪನೆ: ಎಷ್ಟು ತಣ್ಣಗಾದರೆ ಅಷ್ಟು ಒಳ್ಳೆಯದು, ಐಸ್ ಇಟ್ಟರೂ ತಪ್ಪಿಲ್ಲ.

ವಾಸ್ತವ: ಸುತ್ತಲಿನ ಗಾಳಿಯ ತೇವಾಂಶ ಒಂದು ಮಟ್ಟಕ್ಕಿಂತ ತಣ್ಣಗಿನ ವಸ್ತುವನ್ನು ಮುಟ್ಟಿದೊಡನೆ ಹನಿಗಟ್ಟುತ್ತದೆ. ಜುಲೈಯ ಜಿಟಿಜಿಟಿ ಮಳೆಯಲ್ಲಿ, ಕೋಣೆ 27 ಡಿಗ್ರಿ ಇದ್ದು ಆರ್ದ್ರತೆ ಶೇಕಡ 85 ಇದ್ದರೆ, 24 ಡಿಗ್ರಿಗಿಂತ ತಣ್ಣಗಿನ ಯಾವ ಲೋಹದ ಮೇಲೂ ನೀರು ಕೂರುತ್ತದೆ. ಬೇಸಿಗೆಯಲ್ಲೂ ಐಸು ತಾಗಿದ ಜಾಗ ಒದ್ದೆಯಾಗದೆ ಇರದು. ಮದರ್‌ಬೋರ್ಡಿನ ಮೇಲೆ ಬಿದ್ದ ಒಂದು ಹನಿ ಯಾವ ಬಿಸಿಲಿಗಿಂತಲೂ ಬೇಗ ಯಂತ್ರವನ್ನು ಕೊಲ್ಲುತ್ತದೆ.

4. ತಪ್ಪು ಕಲ್ಪನೆ: ದ್ರವ ಸಾರಜನಕ ಸಿಕ್ಕರೆ ಮನೆಯಲ್ಲೇ ದಾಖಲೆ ವೇಗ ಮುಟ್ಟಬಹುದು.

ವಾಸ್ತವ: 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಪ್ರೊಸೆಸರ್ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿದ್ದು ದ್ರವ ಹೀಲಿಯಂನ ನೆರವಿನಿಂದ. ಅದರ ಕುದಿಬಿಂದು ಮೈನಸ್ 269 ಡಿಗ್ರಿ. ಆ ವೇಗ ನಿಂತದ್ದು ಅಳತೆ ಮಾಡುವಷ್ಟು ಹೊತ್ತು, ದಿನದ ಕೆಲಸಕ್ಕಲ್ಲ. ದ್ರವ ಸಾರಜನಕ ನಮ್ಮ ಜಿಲ್ಲೆಗೆ ಅಪರಿಚಿತವೇನಲ್ಲ. ಪಶುವೈದ್ಯರು ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯನಳಿಕೆಗಳನ್ನು ಮೈನಸ್ 196 ಡಿಗ್ರಿಯಲ್ಲಿ ಕಾಪಾಡುವುದು ಇದರಲ್ಲೇ. ಅವರು ಅದನ್ನು ಎಷ್ಟು ಜೋಪಾನವಾಗಿ ಬಳಸುತ್ತಾರೆಂದು ಒಮ್ಮೆ ನೋಡಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ, ಮುಚ್ಚಿದ ಕೋಣೆಯ ಆಮ್ಲಜನಕವನ್ನು ಹೊರತಳ್ಳುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರುಗಟ್ಟುವುದು ತಿಳಿಯುವ ಮೊದಲೇ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಚರ್ಮ ಸುಟ್ಟಂತೆ ಹೆಪ್ಪುಗಟ್ಟುತ್ತದೆ. ಮಲಗುವ ಕೋಣೆಯಲ್ಲಿ ಇದು ಖಂಡಿತ ಬೇಡ.

5. ತಪ್ಪು ಕಲ್ಪನೆ: ವಾಟರ್ ಕೂಲಿಂಗ್ ಹಾಕಿಸಿದರೆ ಚಿಪ್ ಕೋಣೆಗಿಂತ ತಣ್ಣಗಿರುತ್ತದೆ.

ವಾಸ್ತವ: ನೀರು ಕೊನೆಗೆ ಶಾಖ ಇಳಿಸುವುದು ರೇಡಿಯೇಟರಿನ ಮೂಲಕ ಕೋಣೆಯ ಗಾಳಿಗೇ. ಕೋಣೆ 38 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಕೆಳಗೆ ಇಳಿಯದು. ಸದ್ದು ಕಡಿಮೆ ಮಾಡಲು, ಹೆಚ್ಚು ಶಾಖವನ್ನು ಬೇಗ ಸಾಗಿಸಲು ಅದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರಿಗೂ ದ್ರವವೇ ಆಸರೆ. ಆದರೆ ಅಲ್ಲೆಲ್ಲ ಹರಿಯುವುದು ಶುದ್ಧೀಕರಿಸಿದ ದ್ರವ. ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರನ್ನಾಗಲಿ, ಗಡಸಾದ ಬೋರ್‌ವೆಲ್ ನೀರನ್ನಾಗಲಿ ಪೈಪಿಗೆ ಬಿಟ್ಟರೆ ಕೂದಲೆಳೆಯಂಥ ತಾಮ್ರದ ಸಂದುಗಳಲ್ಲಿ ಸುಣ್ಣ ಕಟ್ಟುತ್ತದೆ. ಒಂದೇ ಸುತ್ತಿನಲ್ಲಿ ತಾಮ್ರ, ಅಲ್ಯುಮಿನಿಯಂ ಎರಡೂ ಇದ್ದರೆ ಅಲ್ಯುಮಿನಿಯಂ ಸವೆದು ಸೋರುತ್ತದೆ.

6. ತಪ್ಪು ಕಲ್ಪನೆ: ಮುಚ್ಚಳ ಬಿಚ್ಚಿ ಪಕ್ಕದಲ್ಲಿ ನೀರಿನ ಕೂಲರ್ ಇಟ್ಟರೆ ಮುಗಿಯಿತು.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಬಿಡಬಾರದು. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ 300 ವ್ಯಾಟಿನ ಕಂಪ್ಯೂಟರ್ ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಹಾಕುವ ಶಾಖಕ್ಕೆ ಸಮ. ಏಪ್ರಿಲಿನ ಒಣ ಮಧ್ಯಾಹ್ನ, ಕಿಟಕಿ ತೆರೆದಿದ್ದರೆ, ಕೂಲರ್ ಕೋಣೆಯ ಬಿಸಿಯನ್ನು ಸುಮಾರು ಹತ್ತು ಡಿಗ್ರಿಯಷ್ಟು ತಗ್ಗಿಸಬಲ್ಲದು. ಚಿಪ್ಪೂ ಅಷ್ಟೇ ತಗ್ಗುತ್ತದೆ. ಮಳೆಗಾಲದಲ್ಲಿ ಈ ಉಪಾಯ ನಡೆಯದು. ಆದ್ದರಿಂದ ಕೂಲರನ್ನು ಕೋಣೆಗೆ ಬಿಡಿ, ಬಿಚ್ಚಿದ ಡಬ್ಬಿಗೆ ನೇರ ಹಿಡಿಯಬೇಡಿ: ತುಂತುರಿನ ಜೊತೆ ಗಡಸು ನೀರಿನ ಉಪ್ಪೂ ಬೋರ್ಡಿನ ಮೇಲೆ ಕೂರುತ್ತದೆ. ಮುಚ್ಚಳ ಬಿಚ್ಚಿಯೇ ಇಟ್ಟರೆ ಊರಿನ ಧೂಳು, ಮಂಡಕ್ಕಿ ಭಟ್ಟಿಗಳ ಹತ್ತಿರದ ಬಡಾವಣೆಗಳಲ್ಲಾದರೆ ಮಸಿಯೂ ಸೇರಿ, ಕೆಲವೇ ತಿಂಗಳಲ್ಲಿ ಚಿಪ್ಪಿನ ಶಾಖ ಹೊರಬಿಡುವ ಹೀಟ್‌ಸಿಂಕಿನ ಸಂದುಗಳಿಗೆ ಕಂಬಳಿ ಹೊದೆಸುತ್ತದೆ.

7. ತಪ್ಪು ಕಲ್ಪನೆ: ಧೂಳಿಗೆ ಪಂಕ್ಚರ್ ಅಂಗಡಿಯ ಗಾಳಿಯೇ ಸರಿ.

ವಾಸ್ತವ: ಆ ಕಂಪ್ರೆಸರ್ ತೊಟ್ಟಿಯಲ್ಲಿ ನೀರು, ಎಣ್ಣೆಯ ಹನಿಗಳಿರುತ್ತವೆ. ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಸಣ್ಣ ಬ್ಲೋವರ್ ಮತ್ತು ಮೃದು ಬ್ರಷ್ ಬಳಸಿ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ, ಕಡಲೆಕಾಳಿನಷ್ಟು ಸಾಕು. ಅದರ ಬದಲು ಹಚ್ಚಿದ ಟೂತ್‌ಪೇಸ್ಟ್ ಒಂದೆರಡು ದಿನ ನಡೆದು ಒಣಗಿ ಬಿರುಕು ಬಿಡುತ್ತದೆ.

8. ತಪ್ಪು ಕಲ್ಪನೆ: 85 ಡಿಗ್ರಿ ತೋರಿಸಿದರೆ ಪ್ರೊಸೆಸರ್ ಸುಟ್ಟಂತೆಯೇ.

ವಾಸ್ತವ: ಇಂದಿನ ಬಹುತೇಕ ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿ. ಅಲ್ಲಿಗೆ ಬಂದರೆ ಅವು ತಾವೇ ವೇಗ ಇಳಿಸುತ್ತವೆ, ಇನ್ನೂ ಏರಿದರೆ ಯಂತ್ರ ಆಫ್ ಆಗುತ್ತದೆ. ಕೋಣೆ ಹತ್ತು ಡಿಗ್ರಿ ಕಾದರೆ ಚಿಪ್ಪೂ ಸುಮಾರು ಹತ್ತು ಡಿಗ್ರಿ ಕಾಯುತ್ತದೆ. ಡಿಸೆಂಬರಿನ ಅಂಕಿಯನ್ನು ಏಪ್ರಿಲಿನಲ್ಲಿ ಹುಡುಕಿ ಗಾಬರಿಯಾಗಬೇಡಿ.

9. ತಪ್ಪು ಕಲ್ಪನೆ: ಬಿಸಿ ತಗ್ಗಿಸಲು ಏನನ್ನಾದರೂ ಕೊಂಡು ಹಾಕಲೇಬೇಕು.

ವಾಸ್ತವ: ಶಾಖ ಹುಟ್ಟದಂತೆ ನೋಡಿಕೊಳ್ಳುವುದೇ ಅಗ್ಗದ ಉಪಾಯ. ಚಿಪ್ ಬಳಸುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅದೇ ಇಟ್ಟು ವೋಲ್ಟೇಜನ್ನು ಶೇಕಡ ಹತ್ತು ಇಳಿಸಿದರೆ ಶಾಖ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಯಂತ್ರ ಅದನ್ನು ತಾಳುತ್ತದೆಯೇ ಎಂದು ಹಂತಹಂತವಾಗಿ ಇಳಿಸಿ ಪರೀಕ್ಷಿಸಿ. ಗೇಮಿನ ಫ್ರೇಮ್ ಮಿತಿ ಇಳಿಸಿದರೂ ದೊಡ್ಡ ಲಾಭ.

ಎಣ್ಣೆ, ಸಾರಜನಕಕ್ಕೆ ಹಣ ಹಾಕುವ ಮೊದಲು ಈ ಬೇಸಿಗೆಯಲ್ಲಿ ನಾಲ್ಕು ಕೆಲಸ ಮಾಡಿ: ಕಂಪ್ಯೂಟರನ್ನು ಮೇಲ್ಮಹಡಿಯಿಂದ ಕೆಳಗಿಳಿಸಿ, ಇಲ್ಲವೇ ಚಾವಣಿಗೆ ಸುಣ್ಣ ಬಳಿಯಿರಿ, ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ, ಎರಡು ತಿಂಗಳಿಗೊಮ್ಮೆ ಧೂಳು ತೆಗೆಯಿರಿ, ಬಿಸಿ ಗಾಳಿ ಕಿಟಕಿಯಿಂದ ಹೊರಹೋಗುವಂತೆ ನೋಡಿಕೊಳ್ಳಿ. ನಮ್ಮೂರಿನ ಬಹುತೇಕ ಕಂಪ್ಯೂಟರ್‌ಗಳಿಗೆ ಇಷ್ಟೇ ಸಾಕು.